ಹೆಣ್ಣುಮಕ್ಕಳಿಗೊಂದು ಮೈದಾನ



2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ನಮ್ಮ ದೇಶದ ಮಹಿಳಾ ಫುಟ್ಬಾಲ್ ತಂಡವು ಆತಿಥೇಯ ತಂಡವನ್ನು 2-1 ಗೋಲುಗಳಿಂದ ಸೋಲಿಸಿ 2026ರ ಏಷ್ಯಾ ಕಪ್ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಅರ್ಹತಾ ಸುತ್ತಿನಲ್ಲಿ ಆಡಿ, ಗೆದ್ದು, ಆ ಬಾಗಿಲನ್ನು ದಾಟಿದ್ದು ಭಾರತದ ವನಿತೆಯರಿಗೆ ಅದೇ ಮೊದಲು. ಸುದ್ದಿಯನ್ನು ಓದಿ ಬಹಳ ಸಂತೋಷವಾಯಿತು. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಮನಸ್ಸಿನಲ್ಲಿ ಎದ್ದಿತು. ಇಂಥ ತಂಡಕ್ಕೆ ನಮ್ಮ ಶಿವಮೊಗ್ಗದಿಂದಲೋ ಭದ್ರಾವತಿಯಿಂದಲೋ ಒಬ್ಬ ಹುಡುಗಿ ಹೋಗಬೇಕಾದರೆ ಅವಳು ಮೊಟ್ಟಮೊದಲ ಬಾರಿಗೆ ಚೆಂಡನ್ನು ಎಲ್ಲಿ ಒದೆಯಬೇಕು? ಯಾವ ಮೈದಾನದಲ್ಲಿ, ಎಷ್ಟು ಗಂಟೆಗೆ, ಯಾರ ಅನುಮತಿ ಪಡೆದು?

ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಮಹಿಳಾ ಫುಟ್ಬಾಲಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನವರಿಕೆಯಾದದ್ದು ಇಷ್ಟು: ಹೆಣ್ಣುಮಕ್ಕಳ ಕ್ಲಬ್ಬುಗಳು ಹುಟ್ಟುವುದಕ್ಕೆ ಉತ್ಸಾಹ ಸಾಕು, ಉಳಿಯುವುದಕ್ಕೆ ಮೈದಾನ ಬೇಕು. ಪ್ರತಿಭೆ ಇಲ್ಲದೆ ಅಳಿದ ಕ್ಲಬ್ಬುಗಳಿಗಿಂತ ನೆಲವಿಲ್ಲದೆ ಅಳಿದವುಗಳೇ ಹೆಚ್ಚೆಂದು ನಾನು ನಂಬುತ್ತೇನೆ. ಈ ಮಾತಿಗೆ ಆಧಾರವಾಗಿ ದೂರದ ಒಂದು ಊರಿನ ಕ್ಲಬ್ಬಿನ ವೃತ್ತಾಂತವನ್ನು ಮೊದಲು ಹೇಳಿ, ಆಮೇಲೆ ನಮ್ಮ ಊರುಗಳಿಗೆ ಬರುತ್ತೇನೆ. ಇತಿಹಾಸದ ಮೇಷ್ಟ್ರ ಹಳೆಯ ಚಾಳಿ ಇದು. ನನ್ನ ತರಗತಿಯಲ್ಲಿ ಕುಳಿತವರು ಸಹಿಸಿಕೊಳ್ಳುವಿರೆಂದು ಬಲ್ಲೆ.

ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದಲ್ಲಿ ರಿಬಲ್ ಎಂಬ ನದಿಯ ದಂಡೆಯ ಮೇಲೆ ಪ್ರೆಸ್ಟನ್ ಎಂಬ ಊರಿದೆ. ಹತ್ತಿಯ ಗಿರಣಿಗಳ ಊರು. ಅಲ್ಲಿ ಡಿಕ್, ಕರ್ ಅಂಡ್ ಕಂಪನಿ ಎಂಬ ಕಾರ್ಖಾನೆ ಟ್ರಾಮ್ ಗಾಡಿಗಳನ್ನೂ ರೈಲಿನ ಸಾಮಗ್ರಿಗಳನ್ನೂ ತಯಾರಿಸುತ್ತಿತ್ತು. ಮೊದಲ ಮಹಾಯುದ್ಧ ಬಂದಾಗ ಅದೇ ಕಾರ್ಖಾನೆ ಮದ್ದುಗುಂಡುಗಳ ತಯಾರಿಕೆಗೆ ತಿರುಗಿತು. ಗಂಡಸರು ಯುದ್ಧಭೂಮಿಗೆ ಹೋದರು. ಯಂತ್ರಗಳ ಮುಂದೆ ಹೆಂಗಸರು ನಿಂತರು. ಊಟದ ವಿರಾಮದಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡಾಡುತ್ತಿದ್ದ ಈ ಹೆಣ್ಣಾಳುಗಳು 1917ರಲ್ಲಿ ಒಂದು ತಂಡ ಕಟ್ಟಿಕೊಂಡರು. ಅದೇ ಕಾರ್ಖಾನೆಯ ಕಚೇರಿಯಲ್ಲಿದ್ದ ಆಲ್ಫ್ರೆಡ್ ಫ್ರಾಂಕ್ಲೆಂಡ್ ಎಂಬ ನೌಕರ ಅದರ ವ್ಯವಸ್ಥೆ ನೋಡಿಕೊಂಡನು. ಆ ವರ್ಷದ ಕ್ರಿಸ್‌ಮಸ್ ದಿನ, ಊರಿನ ದೊಡ್ಡ ಕ್ಲಬ್ಬಾದ ಪ್ರೆಸ್ಟನ್ ನಾರ್ತ್ ಎಂಡ್‌ನ ಡೀಪ್‌ಡೇಲ್ ಮೈದಾನವನ್ನು ಬಾಡಿಗೆಗೆ ಪಡೆದು, ಇನ್ನೊಂದು ಕಾರ್ಖಾನೆಯ ಮಹಿಳಾ ತಂಡದೊಡನೆ ಪಂದ್ಯವಾಡಿದರು. ನೋಡಲು ಬಂದವರು 10,000 ಜನ. ಬಂದ ಹಣ ಗಾಯಾಳು ಸೈನಿಕರ ಆಸ್ಪತ್ರೆಗೆ ಹೋಯಿತು. ಡಿಕ್, ಕರ್ ಲೇಡೀಸ್ ಎಂಬ ಕ್ಲಬ್ಬಿನ ಆರಂಭ ಹೀಗೆ.

ಈ ವರ್ಷಗಳನ್ನು ಭದ್ರಾವತಿಯವರು ಸ್ವಲ್ಪ ಗಮನಿಸಬೇಕು. ಬೆಂಕಿಪುರವೆಂಬ ಹಳೆಯ ಹೆಸರಿನ ನಮ್ಮ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾದದ್ದು 1918ರಲ್ಲಿ. ಉತ್ಪಾದನೆ ಶುರುವಾದದ್ದು 1923ರಲ್ಲಿ. ಅಂದರೆ ಪ್ರೆಸ್ಟನ್ನಿನ ಕಾರ್ಖಾನೆಯ ಹೆಂಗಸರು ಮೈದಾನಕ್ಕಿಳಿದ ಕಾಲಕ್ಕೆ ಭದ್ರೆಯ ದಂಡೆಯ ಮೇಲೆ ನಮ್ಮ ಕಾರ್ಖಾನೆಯ ತಳಪಾಯ ಏಳುತ್ತಿತ್ತು. ನದಿ, ಕಾರ್ಖಾನೆ, ಪಾಳಿಯ ಸೈರನ್, ಕಾರ್ಮಿಕರ ವಸತಿ, ವಸತಿಯ ನಡುವೆ ಬಯಲು. ಎರಡು ಊರುಗಳಿಗೂ ಇವಿಷ್ಟು ಸಮಾನ. ಆದುದರಿಂದಲೇ ಆ ಕ್ಲಬ್ಬಿನ ಕಥೆ ನನಗೆ ಪರದೇಶದ ಕಥೆಯೆಂದು ಅನಿಸಲಿಲ್ಲ.

ಯುದ್ಧ ಮುಗಿಯಿತು, ಆಟ ನಿಲ್ಲಲಿಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಡಿಕ್, ಕರ್ ತಂಡ ಸೇಂಟ್ ಹೆಲೆನ್ಸ್ ತಂಡದ ವಿರುದ್ಧ ಆಡಿದಾಗ ಒಳಗೆ 53,000 ಪ್ರೇಕ್ಷಕರಿದ್ದರು. ಜಾಗವಿಲ್ಲದೆ ಹೊರಗುಳಿದವರು ಸಾವಿರಾರು. ಅದೊಂದೇ ಪಂದ್ಯದಿಂದ 3,000 ಪೌಂಡಿಗೂ ಮೀರಿ ಹಣ ಕೂಡಿ ದಾನಕ್ಕೆ ಹೋಯಿತು. ಹೆಣ್ಣುಮಕ್ಕಳ ಆಟವನ್ನು ಯಾರೂ ನೋಡುವುದಿಲ್ಲವೆಂದು ಇಂದಿಗೂ ಹೇಳುವವರು ಈ ಸಂಖ್ಯೆಯನ್ನು ಒಂದು ಕ್ಷಣ ನೆನೆಯಬೇಕು. ನೂರು ವರ್ಷಗಳ ಹಿಂದೆ, ದೂರದರ್ಶನವಿಲ್ಲದ ಕಾಲದಲ್ಲಿ, ಮೈಕೊರೆಯುವ ಚಳಿಯಲ್ಲಿ ಜನ ಟಿಕೆಟ್ಟು ಕೊಂಡು ಬಂದಿದ್ದರು.

ಮರುವರ್ಷ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ಸಭೆ ಸೇರಿ ಒಂದು ನಿರ್ಣಯ ಮಾಡಿತು. ಈ ಆಟ ಹೆಂಗಸರಿಗೆ ತಕ್ಕುದಲ್ಲ, ಇದನ್ನು ಪ್ರೋತ್ಸಾಹಿಸಕೂಡದು ಎಂಬುದು ಅದರ ಪೀಠಿಕೆ. ಬಂದ ಹಣದಲ್ಲಿ ಖರ್ಚಿಗೆಂದು ಹೆಚ್ಚು ಕಳೆದು ದಾನಕ್ಕೆ ಕಡಿಮೆ ಕೊಡುತ್ತಾರೆಂಬ ದೂರನ್ನೂ ಸೇರಿಸಿದರು. ಆದರೆ ನಿರ್ಣಯದ ಪ್ರಾಣವಿದ್ದದ್ದು ಕೊನೆಯ ಭಾಗದಲ್ಲಿ: ಅಸೋಸಿಯೇಷನ್ನಿಗೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಹೆಂಗಸರ ಪಂದ್ಯಗಳಿಗೆ ಕೊಡಬಾರದು. ಇದನ್ನು ನಿಧಾನವಾಗಿ ಓದಿರಿ. ಹೆಂಗಸರು ಆಡಬಾರದೆಂದು ಯಾರೂ ಕಾನೂನು ಮಾಡಲಿಲ್ಲ; ಆಡಿದರೆ ದಂಡವಿರಲಿಲ್ಲ, ಸೆರೆಯಿರಲಿಲ್ಲ. ಕಾಲ ಕೆಳಗಿನ ನೆಲವನ್ನು ಮಾತ್ರ ಎಳೆದುಕೊಂಡರು. ಅಷ್ಟು ಸಾಕೆಂದು ಅವರಿಗೆ ತಿಳಿದಿತ್ತು.

ಇದು ಇಂಗ್ಲೆಂಡಿನ ಜಾಣತನ ಮಾತ್ರವಲ್ಲ. 1955ರಲ್ಲಿ ಪಶ್ಚಿಮ ಜರ್ಮನಿಯ ಫುಟ್ಬಾಲ್ ಸಂಸ್ಥೆಯೂ ತನ್ನ ಕ್ಲಬ್ಬುಗಳಿಗೆ ಇದೇ ಬಗೆಯ ಆದೇಶ ಕೊಟ್ಟು, ಮಹಿಳೆಯರಿಗೆ ಮೈದಾನ ಕೊಡಬೇಡಿರೆಂದು ಹೇಳಿತು. 1970ರವರೆಗೆ ಅದು ಜಾರಿಯಲ್ಲಿತ್ತು. ಬ್ರೆಜಿಲ್ ದೇಶದಲ್ಲಿ 1941ರಲ್ಲಿ ಸರಕಾರವೇ ಆಜ್ಞೆ ಹೊರಡಿಸಿ ಸ್ತ್ರೀಯರ ಪ್ರಕೃತಿಗೆ ಒಗ್ಗದ ಆಟಗಳನ್ನು ತಡೆಯಿತು. ಆ ತಡೆ 1979ರವರೆಗೆ ನಡೆಯಿತು. ಫುಟ್ಬಾಲನ್ನು ಉಸಿರಾಡುವ ದೇಶಗಳೆಂದು ನಾವು ಕೊಂಡಾಡುವ ದೇಶಗಳು ಇವು.

ಡಿಕ್, ಕರ್ ತಂಡದವರು ಆಟ ಬಿಡಲಿಲ್ಲ. 1922ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಗಂಡಸರ ತಂಡಗಳೊಡನೆಯೇ ಆಡಿ, ಗೆದ್ದೂ ಸೋತೂ ಮರಳಿದರು. ಆ ತಂಡದ ಲಿಲಿ ಪಾರ್ ಎಂಬ ಎಡಗಾಲಿನ ಆಟಗಾರ್ತಿ ಹದಿಹರೆಯದಲ್ಲೇ ಸೇರಿ, ಆಸ್ಪತ್ರೆಯಲ್ಲಿ ದಾದಿಯ ಕೆಲಸ ಮಾಡುತ್ತ ಮೂವತ್ತು ವರ್ಷಗಳ ಕಾಲ ಆಡಿದಳು. ಕಾರ್ಖಾನೆಯ ಸಂಬಂಧ ಕಡಿದ ಮೇಲೆ ಕ್ಲಬ್ಬು ಪ್ರೆಸ್ಟನ್ ಲೇಡೀಸ್ ಎಂಬ ಹೆಸರು ತಳೆಯಿತು. ಒಳ್ಳೆಯ ಮೈದಾನಗಳು ಮುಚ್ಚಿದ್ದರಿಂದ ಸಿಕ್ಕ ಬಯಲುಗಳಲ್ಲಿ ಆಡುತ್ತ 1965ರವರೆಗೆ ಜೀವ ಹಿಡಿದುಕೊಂಡಿತು; ಕಡೆಗೆ ಹೊಸ ಹುಡುಗಿಯರು ಬಾರದೆ ನಿಂತುಹೋಯಿತು. ಹೇಗೆ ಬಂದಾರು? ಮಗಳು ತಾಯಿಯ ಆಟವನ್ನು ದೊಡ್ಡ ಮೈದಾನದಲ್ಲಿ ನೋಡಿರಲಿಲ್ಲ. ಶಾಲೆಯಲ್ಲಿ ಆ ಆಟ ಅವಳ ಪಾಲಿಗಿರಲಿಲ್ಲ. ಗೆದ್ದು ಹೋಗಬೇಕಾದ ಮುಂದಿನ ಮೆಟ್ಟಿಲೊಂದೂ ಇರಲಿಲ್ಲ.

ಇಂಗ್ಲೆಂಡಿನ ತಡೆಯನ್ನು ತೆಗೆದದ್ದು 1970-71ರಲ್ಲಿ. ಅಸೋಸಿಯೇಷನ್ ಕ್ಷಮೆ ಕೇಳಿದ್ದು 2008ರಲ್ಲಿ. 2022ರ ಜುಲೈ 31ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯ ಮಹಿಳೆಯರನ್ನು 2-1ರಿಂದ ಸೋಲಿಸಿ ಯೂರೋಪಿನ ಚಾಂಪಿಯನ್ನರಾದಾಗ 87,192 ಪ್ರೇಕ್ಷಕರು ಸೇರಿದ್ದರು. ಒಂದು ಕಾಲದಲ್ಲಿ ತಮ್ಮ ತಮ್ಮ ಸಂಸ್ಥೆಗಳಿಂದಲೇ ಮೈದಾನದಾಚೆಗೆ ಕಳಿಸಲ್ಪಟ್ಟವರ ಮೊಮ್ಮಕ್ಕಳು ಎರಡು ಕಡೆಯಲ್ಲೂ ನಿಂತಿದ್ದರು. ಬಾಗಿಲು ತೆರೆದ ಮೇಲೆ ಹಳೆಯ ಜನಸಂದಣಿ ಮರಳಿ ಬರಲು ಐವತ್ತು ವರ್ಷ ಹಿಡಿಯಿತು. ಮೈದಾನವನ್ನು ಮುಚ್ಚಲು ಒಂದು ಸಂಜೆಯ ಸಭೆ ಸಾಕು. ಮುಚ್ಚಿದ್ದನ್ನು ತುಂಬಲು ಎರಡು ತಲೆಮಾರು ಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಹೆಂಗಸರ ಫುಟ್ಬಾಲಿಗೆ ಯಾರೂ ನಿಷೇಧ ಹಾಕಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲವೆಂದರೆ ಹೆಚ್ಚು ನಿಜ. 1975ರಲ್ಲಿ ಮಹಿಳಾ ಫುಟ್ಬಾಲಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಆಮೇಲೆ ನಡೆದದ್ದು ಆಶ್ಚರ್ಯಕರ. 1980ರ ಆರಂಭದಲ್ಲಿ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಮಹಿಳಾ ಪಂದ್ಯಾವಳಿಯಲ್ಲಿ ಭಾರತ ಅಂತಿಮ ಪಂದ್ಯಕ್ಕೆ ಹೋಯಿತು. 1983ರಲ್ಲಿ ಮತ್ತೊಮ್ಮೆ ಹೋಯಿತು. ಎರಡು ಸಲವೂ ದ್ವಿತೀಯ ಸ್ಥಾನ. ಶಾಂತಿ ಮಲ್ಲಿಕ್ ಎಂಬ ಬಂಗಾಳದ ಆಟಗಾರ್ತಿಗೆ 1983ರ ಅರ್ಜುನ ಪ್ರಶಸ್ತಿ ಬಂದಿತು; ಆ ಗೌರವ ಪಡೆದ ಮೊದಲ ಮಹಿಳಾ ಫುಟ್ಬಾಲ್ ಪಟು ಅವರು. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರೂ ಭಾರತದ ಪರವಾಗಿ ಆಡಿದವರೇ. ಏಷ್ಯಾ ಖಂಡದಲ್ಲಿ ಎರಡನೆಯ ಸ್ಥಾನದವರೆಗೆ ಏರಿದ್ದ ಈ ತಂಡದ ಹೆಸರು 2009ರಲ್ಲಿ ಫೀಫಾ ಶ್ರೇಯಾಂಕ ಪಟ್ಟಿಯಿಂದಲೇ ಬಿಟ್ಟುಹೋಯಿತು. ಕಾರಣವೇನು ಗೊತ್ತೇ? ಸೋತದ್ದಲ್ಲ. ಬಹಳ ಕಾಲ ಅಂತರರಾಷ್ಟ್ರೀಯ ಪಂದ್ಯವನ್ನೇ ಆಡದೆ ಇದ್ದದ್ದು. ಆಡುವವರು ಇದ್ದರು, ಅವರಿಗೆ ಆಟವನ್ನು ಏರ್ಪಡಿಸುವವರು ಇರಲಿಲ್ಲ.

ಶಾಲೆಗಳ ಮಟ್ಟದಲ್ಲೂ ಇದೇ ಕಥೆ. ಸುಬ್ರೊತೊ ಕಪ್ ಎಂಬ ಪ್ರಸಿದ್ಧ ಅಂತರಶಾಲಾ ಫುಟ್ಬಾಲ್ ಪಂದ್ಯಾವಳಿ ಆರಂಭವಾದದ್ದು 1960ರಲ್ಲಿ. ಅದಕ್ಕೆ ಬಾಲಕಿಯರ ವಿಭಾಗ ಸೇರಿದ್ದು 2012ರಲ್ಲಿ. ನಡುವೆ ಐವತ್ತೆರಡು ವರ್ಷಗಳು! ನಾನು ವಿದ್ಯಾರ್ಥಿಯಾಗಿದ್ದ ದಿನಗಳೂ ಅಧ್ಯಾಪಕನಾಗಿದ್ದ ದಿನಗಳೂ ಈ ಅಂತರದೊಳಗೇ ಬಂದುಹೋದವು.

ಆಟದ ಪೀರಿಯಡ್ಡು ನಿಮಗೆಲ್ಲ ನೆನಪಿರಬಹುದು. ಗಂಟೆ ಬಾರಿಸಿದೊಡನೆ ಗಂಡುಹುಡುಗರ ಕೈಗೆ ಒಂದು ಫುಟ್ಬಾಲು ಹೋಗುತ್ತಿತ್ತು. ಅವರ ಜೊತೆಗೆ ಇಡೀ ಬಯಲೂ ಹೋಗುತ್ತಿತ್ತು. ಹೆಣ್ಣುಮಕ್ಕಳ ಕೈಗೆ ಥ್ರೋಬಾಲು ಇಲ್ಲವೇ ಟೆನಿಕಾಯಿಟ್ ರಿಂಗು ಬರುತ್ತಿತ್ತು. ಅವರ ಪಾಲಿಗೆ ಕಟ್ಟಡದ ಪಕ್ಕದ ಒಂದು ಪಟ್ಟಿ ನೆಲ. ಭದ್ರಾವತಿಯ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು, "ಸಾರ್, ನಾವು ಯಾಕೆ ಯಾವಾಗಲೂ ಗೋಡೆ ಪಕ್ಕಾನೇ ಆಡಬೇಕು?" ಎಂದು. ಪ್ರಶ್ನೆ ಯಾವ ಆಟ ಎಂಬುದರ ಬಗ್ಗೆ ಇರಲಿಲ್ಲ. ಎಷ್ಟು ಜಾಗ ಎಂಬುದರ ಬಗ್ಗೆ ಇತ್ತು. ಆ ಮಗುವಿನ ಲೆಕ್ಕ ಸರಿಯಾಗಿತ್ತು.

ಲೆಕ್ಕವನ್ನೇ ಮಾಡಿ ನೋಡೋಣ. ಅಂತರರಾಷ್ಟ್ರೀಯ ಪಂದ್ಯಗಳ ಫುಟ್ಬಾಲ್ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಥ್ರೋಬಾಲ್ ಅಂಕಣ 18.30 ಮೀಟರ್ ಉದ್ದ, 12.20 ಮೀಟರ್ ಅಗಲ. ಅಂದರೆ ಸುಮಾರು 223 ಚದರ ಮೀಟರ್. ಒಂದು ಫುಟ್ಬಾಲ್ ಮೈದಾನದಲ್ಲಿ ಮೂವತ್ತೆರಡು ಥ್ರೋಬಾಲ್ ಅಂಕಣಗಳು ಹಿಡಿಯುತ್ತವೆ. ಹೆಂಗಸರ ಕಬಡ್ಡಿ ಅಂಕಣವಾದರೆ 12 ಮೀಟರ್ ಉದ್ದ, 8 ಮೀಟರ್ ಅಗಲ. ಎಪ್ಪತ್ತಕ್ಕೂ ಹೆಚ್ಚು ಹಿಡಿಯುತ್ತವೆ. ಥ್ರೋಬಾಲ್, ಕಬಡ್ಡಿಗಳು ಕೀಳೆಂದು ನಾನು ಹೇಳುತ್ತಿಲ್ಲ. ಕಬಡ್ಡಿಯಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳು ದೇಶಕ್ಕೆ ಕೀರ್ತಿ ತಂದಿದ್ದಾರೆ. ಆದರೆ ಹೆಣ್ಣುಮಕ್ಕಳ ಆಟಗಳೆಂದು ನಾವು ಪಟ್ಟಿ ಮಾಡಿದವುಗಳೆಲ್ಲ ಕಡಿಮೆ ನೆಲ ಬೇಡುವ ಆಟಗಳೇ ಆಗಿರುವುದು ಬರಿಯ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಹೆಣ್ಣಿನ ಮೈಕಟ್ಟಿಗೆ ಒಗ್ಗುವುದೆಂದು ಹೇಳಿ ಕೊಟ್ಟದ್ದು, ವಾಸ್ತವವಾಗಿ ಗಂಡುಮಕ್ಕಳು ಬಿಟ್ಟ ಜಾಗಕ್ಕೆ ಒಗ್ಗುವಂಥದ್ದಾಗಿತ್ತು.

ನಮ್ಮ ಎರಡು ಊರುಗಳಿಗೆ ನೆಲದ ಬಡತನವಿಲ್ಲ. ಶಿವಮೊಗ್ಗದಲ್ಲಿ ನೆಹರೂ ಕ್ರೀಡಾಂಗಣವಿದೆ. ಕಾಲೇಜುಗಳಿಗೂ ಹಳೆಯ ಶಾಲೆಗಳಿಗೂ ಬಯಲುಗಳಿವೆ. ಭದ್ರಾವತಿಯಲ್ಲಿ ನ್ಯೂ ಟೌನ್, ಪೇಪರ್ ಟೌನ್ ಎಂಬ ಎರಡು ಕಾರ್ಖಾನೆ ವಸತಿಗಳು ನೆಲವನ್ನು ಧಾರಾಳವಾಗಿ ಬಿಟ್ಟು ಕಟ್ಟಿದಂಥವು. ಗುಂಡಪ್ಪ ವಿಶ್ವನಾಥ್ ಅವರು 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಲಿ. ಆದರೆ ಅದೇ ಊರಿನಲ್ಲಿ ಅದೇ ವರ್ಷ ಹುಟ್ಟಿದ ಹೆಣ್ಣುಮಗುವೊಂದರ ಕೈಯಲ್ಲೂ ಅಂಥ ಮಾಂತ್ರಿಕತೆ ಇದ್ದಿರಬಹುದು, ಕಾಲಲ್ಲೂ ಇದ್ದಿರಬಹುದು. ಅದನ್ನು ಪರೀಕ್ಷಿಸಿ ನೋಡುವ ಸಂದರ್ಭವನ್ನೇ ನಾವು ಒದಗಿಸಲಿಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಕ್ರಿಕೆಟ್ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಆಡಿದ್ದನ್ನು ನೆನೆದರೆ, ನಮ್ಮ ಸೀಮೆಯ ಮಣ್ಣಿನಲ್ಲಿ ಕೊರತೆಯಿಲ್ಲವೆಂಬುದು ಸ್ಪಷ್ಟ.

ಈ ಬಯಲುಗಳ ಭವಿಷ್ಯವೇ ಈಗ ಅನಿಶ್ಚಿತವಾಗಿದೆ. ನಾನು ಇದನ್ನು ಬರೆಯಲು ಮುಖ್ಯ ಕಾರಣವೂ ಅದೇ. ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ವಿ.ಐ.ಎಸ್.ಎಲ್. ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಅದರ ಒಡೆತನದ ಸೈಲ್ ಸಂಸ್ಥೆ 2023ರ ಜನವರಿಯಲ್ಲಿ ಪ್ರಕಟಿಸಿದಾಗ ಊರಿಗೆ ಊರೇ ಬೀದಿಗೆ ಬಂದದ್ದನ್ನು ನೀವು ಬಲ್ಲಿರಿ. ಪುನಶ್ಚೇತನದ ಮಾತುಗಳು ಬಂದಿವೆ. ಅವು ನಿಜವಾಗಲೆಂದೇ ನನ್ನ ಹಾರೈಕೆ. ಆದರೆ ಕಾರ್ಖಾನೆ ಸೊರಗಿದ ಊರಿನಲ್ಲಿ ಮೊದಲು ಕಣ್ಣು ಬೀಳುವುದು ಖಾಲಿ ಜಾಗದ ಮೇಲೆ. ಬಯಲು ನಿವೇಶನವಾಗುತ್ತದೆ, ನಿವೇಶನ ಮಳಿಗೆಯಾಗುತ್ತದೆ. ಉಳಿದ ಒಂದೆರಡು ಮೈದಾನಗಳಿಗೆ ನೂಕುನುಗ್ಗಲು ಹೆಚ್ಚುತ್ತದೆ. ಹೆಚ್ಚಿದಾಗ ಬದಿಗೆ ಸರಿಯಬೇಕಾದವರು ಯಾರೆಂದು ನಾನು ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ನೆಲದ ಹಕ್ಕನ್ನು ಬರೆದಿಡಬೇಕಾದದ್ದು ನೆಲ ಇರುವಾಗಲೇ, ಮುಗಿದ ಮೇಲಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಹೆತ್ತವರ ಭಯ ಮೊದಲನೆಯದು: ಕತ್ತಲಾದ ಮೇಲೆ ಹುಡುಗಿ ಮನೆಗೆ ಬರುವುದು ಹೇಗೆ? ನ್ಯಾಯವಾದ ಭಯ. ಆದರೆ ಇದು ಆಟವನ್ನು ಬೇಡವೆನ್ನಲು ಕಾರಣವಲ್ಲ. ಹೆಣ್ಣುಮಕ್ಕಳಿಗೆ ಶಾಲೆ ಬಿಟ್ಟೊಡನೆಯ ಹೊತ್ತನ್ನು ಕೊಡಲು ಕಾರಣ. ನಾಲ್ಕೂವರೆಯಿಂದ ಐದೂಮುಕ್ಕಾಲರವರೆಗೆ ಮೈದಾನ ಅವರದಾಗಲಿ. ಗಂಡುಹುಡುಗರು ಆಮೇಲೆ ಬರಲಿ. ಬೆಳಕು ಇರುವ ಹೊತ್ತನ್ನು ಗಂಡುಮಕ್ಕಳಿಗೆ ಕೊಟ್ಟು, ಕತ್ತಲಿನ ನೆಪ ಹೇಳಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಯಾವ ನ್ಯಾಯ?

ಪರೀಕ್ಷೆಯ ಮಾತು ಎರಡನೆಯದು. ಹತ್ತನೆಯ ತರಗತಿಯಲ್ಲಿ ನಮ್ಮ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಚೆನ್ನಾಗಿ ಓದುತ್ತಿರುವುದನ್ನು ವರ್ಷವರ್ಷವೂ ಕಾಣುತ್ತೇವೆ. ಚೆನ್ನಾಗಿ ಓದುವವರಿಗೆ ವಾರಕ್ಕೆ ಎರಡು ಸಂಜೆಯ ಆಟವೂ ಇಲ್ಲವೆಂದರೆ ಅದು ಓದಿಗೆ ಕೊಟ್ಟ ಬಹುಮಾನವೋ ಶಿಕ್ಷೆಯೋ?

ಮೂರನೆಯದು ಪೆಟ್ಟಿನ ಮಾತು. ಮೊಣಕಾಲಿನ ಅಸ್ಥಿರಜ್ಜುಗಳಿಗೆ ಪೆಟ್ಟಾಗುವ ಸಂಭವ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ನಿಜವೇ. ಆಟಕ್ಕೆ ಮುಂಚೆ ಕ್ರಮವಾಗಿ ಮೈ ಕಾಯಿಸುವುದು, ನೆಗೆದು ಸರಿಯಾಗಿ ನೆಲಕ್ಕಿಳಿಯುವುದನ್ನು ಕಲಿಸುವುದು ಇದಕ್ಕೆ ಪರಿಹಾರವೆಂದೂ ಅವರೇ ಹೇಳುತ್ತಾರೆ. ಅಂದರೆ ಬೇಕಾದದ್ದು ಬಲ್ಲ ದೈಹಿಕ ಶಿಕ್ಷಕರು. ಆಡದೆ ಕೂರುವುದರಿಂದ ಬರುವ ಅನಾರೋಗ್ಯಕ್ಕೆ ಅಂಥ ಸುಲಭ ಪರಿಹಾರವಿಲ್ಲ.

ಕ್ರಿಕೆಟ್ಟೇ ಸಾಕಲ್ಲ ಎನ್ನುವವರೂ ಉಂಟು. ಕ್ರಿಕೆಟ್ಟಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಮಲೆನಾಡಿನ ಸೆರಗಿನಲ್ಲಿರುವ ನಮಗೆ ಜೂನ್ ತಿಂಗಳಲ್ಲಿ, ಶಾಲೆ ಬಾಗಿಲು ತೆರೆದ ಹೊಸದರಲ್ಲೇ, ಮಳೆ ಹಿಡಿದುಕೊಳ್ಳುತ್ತದೆ. ಒದ್ದೆ ನೆಲದಲ್ಲಿ ಕ್ರಿಕೆಟ್ ನಿಲ್ಲುತ್ತದೆ, ಫುಟ್ಬಾಲ್ ನಿಲ್ಲುವುದಿಲ್ಲ. ಒಂದು ಚೆಂಡಿದ್ದರೆ ಇಪ್ಪತ್ತೆರಡು ಮಕ್ಕಳು ಆಡಬಹುದು. ಬಡವರ ಮನೆಯ ಹುಡುಗಿಗೆ ಬ್ಯಾಟು, ಪ್ಯಾಡು, ಗ್ಲೌಸು ಕೊಡಿಸುವ ಖರ್ಚಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆಗಳ ಮೇಲೆ ನನಗೆ ನಂಬಿಕೆ ಕಡಿಮೆ. ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ನಿಗದಿಯಾದ ಹೊತ್ತು. ಎರಡೂ ಊರುಗಳಲ್ಲಿ ಒಂದೊಂದು ಸಾರ್ವಜನಿಕ ಮೈದಾನದಲ್ಲಿ ವಾರಕ್ಕೆ ಎರಡು ಸಂಜೆ ಹೆಣ್ಣುಮಕ್ಕಳ ಫುಟ್ಬಾಲಿಗೆಂದು ಫಲಕದ ಮೇಲೆ ಬರೆದು ಹಾಕಬೇಕು. ಯಾರದೋ ದಯೆಯಿಂದ ಸಿಕ್ಕ ಹೊತ್ತು ಮುಂದಿನ ಅಧಿಕಾರಿ ಬಂದೊಡನೆ ಹೋಗುತ್ತದೆ. ಬರೆದು ಹಾಕಿದ ಹೊತ್ತನ್ನು ಕಿತ್ತುಕೊಳ್ಳಲು ಕಾರಣ ಹೇಳಬೇಕಾಗುತ್ತದೆ. ಮೊದಲ ತಿಂಗಳು ಆರೇ ಹುಡುಗಿಯರು ಬಂದರೂ ಆ ಹೊತ್ತನ್ನು ಬೇರೆಯವರಿಗೆ ಕೊಡಕೂಡದು. ಖಾಲಿಯಾಗಿದ್ದರೂ ಅವರದೇ ಎಂಬ ಭರವಸೆಯಿಂದಲೇ ಏಳನೆಯವಳು ಬರುತ್ತಾಳೆ.

ಎರಡನೆಯದು, ಎರಡು ಊರುಗಳ ನಡುವೆ ಪಂದ್ಯ. ಎದುರಾಳಿ ಇಲ್ಲದ ತಂಡ ತಂಡವಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವುದು ಸುಮಾರು 20 ಕಿಲೋಮೀಟರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಹಿಂದೆ ಹೊರಗಿನ ಪಂದ್ಯಕ್ಕೆ ಮಕ್ಕಳನ್ನು ಕರೆದೊಯ್ಯಲು ಬಸ್ಸಿನ ಖರ್ಚಿಗೆ ಚಂದಾ ಎತ್ತಿದ ಮೇಷ್ಟ್ರುಗಳಿಗೆ ಇದರ ಬೆಲೆ ತಿಳಿದೀತು. ತಿಂಗಳಿಗೊಂದು ಭಾನುವಾರ, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಇಷ್ಟರಿಂದಲೇ ಕ್ಲಬ್ಬು ಎಂಬ ಮಾತಿಗೆ ಅರ್ಥ ಬರುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳ ವಿದ್ಯಾರ್ಥಿನಿಯರು ಕೈಗೂಡಿಸಿದರೆ ಶಾಲೆ ಬಿಟ್ಟ ಹುಡುಗಿಗೆ ಮುಂದಿನ ಮೆಟ್ಟಿಲೂ ಸಿಗುತ್ತದೆ.

ಆ ಮೆಟ್ಟಿಲಿನಾಚೆಗೆ ದಾರಿ ಇದೆಯೇ ಎಂದು ಕೇಳುವವರಿಗೆ ಉತ್ತರ: ಈಗ ಇದೆ. ಮಹಿಳೆಯರ ರಾಷ್ಟ್ರೀಯ ಲೀಗ್ ಮೊದಲ ಬಾರಿಗೆ 2016-17ರಲ್ಲಿ ನಡೆಯಿತು. 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ನಡೆದ ಅದರ ಅಂತಿಮ ಪಂದ್ಯದಲ್ಲಿ ಕೇರಳದ ಗೋಕುಲಂ ತಂಡದ ಎದುರು ನಿಂತದ್ದು ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ. 5-0ರಿಂದ ಸೋತರು, ಇರಲಿ. ಕರ್ನಾಟಕದ ಒಂದು ಮಹಿಳಾ ಕ್ಲಬ್ಬು ದೇಶದ ಅಂತಿಮ ಪಂದ್ಯದವರೆಗೆ ಹೋಯಿತು. ಆದರೆ ಒಂದು ನಾಡಿನ ಆಟ ಒಂದೇ ನಗರದ ಮೇಲೆ ನಿಲ್ಲಬಾರದು. ಬೆಂಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ಆಡಬಲ್ಲ ಹುಡುಗಿ ಸಾವಿರಕ್ಕೊಬ್ಬಳು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ ಊರಿನ ಮೈದಾನವೇ ಗತಿ. ಅವರೆಲ್ಲ ದೇಶಕ್ಕೆ ಆಡಬೇಕೆಂದೇನೂ ಇಲ್ಲ. ಬೆವರು ಸುರಿಸಿ, ಗೆದ್ದು, ಸೋತು, ಗೆಳತಿಯರ ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ಹೋದರೆ ಸಾಕು. ಗಂಡುಮಕ್ಕಳಿಂದ ನಾವು ಅದಕ್ಕಿಂತ ಹೆಚ್ಚೇನನ್ನಾದರೂ ಕೇಳಿದ್ದೇವೆಯೇ?

ಮೂರನೆಯ ಕೆಲಸ ದಾಖಲೆಯದು. ಇತಿಹಾಸದ ಮೇಷ್ಟ್ರಾಗಿ ಇದರ ಮೇಲೆ ನನಗೆ ವಿಶೇಷ ಮಮತೆ. ಪ್ರೆಸ್ಟನ್ನಿನ ಆ ಕ್ಲಬ್ಬು ನಿಂತುಹೋದ ಮೇಲೆ ಅದರ ನೆನಪೂ ಮಾಸುತ್ತಿತ್ತು. ಅದೇ ಊರಿನ ಗೇಲ್ ನ್ಯೂಶಾಮ್ ಎಂಬ ಮಹಿಳೆ ಬದುಕಿದ್ದ ಮುದುಕಿಯರನ್ನು ಹುಡುಕಿ, ಅವರ ಮಾತನ್ನೂ ಪೆಟ್ಟಿಗೆಯಲ್ಲಿದ್ದ ಭಾವಚಿತ್ರಗಳನ್ನೂ ಕೂಡಿಸಿ 1994ರಲ್ಲಿ ಪುಸ್ತಕ ತಂದರು. ಲಿಲಿ ಪಾರ್ ಎಂಬ ಆ ದಾದಿಗೆ ಇಂಗ್ಲೆಂಡಿನ ರಾಷ್ಟ್ರೀಯ ಫುಟ್ಬಾಲ್ ವಸ್ತುಸಂಗ್ರಹಾಲಯದ ಗೌರವ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದು 2002ರಲ್ಲಿ, ಪ್ರತಿಮೆ ನಿಂತದ್ದು 2019ರಲ್ಲಿ. ಅವಳು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ. ಯಾರೋ ಒಬ್ಬರು ಕೇಳಿದ್ದರಿಂದ, ಬರೆದಿಟ್ಟದ್ದರಿಂದ ಅಷ್ಟಾದರೂ ಆಯಿತು. ನಮ್ಮ ಕ್ಲಬ್ಬಿಗೆ ಮೊದಲ ದಿನವೇ ಒಂದು ಹಾಜರಿ ಪುಸ್ತಕ ಇರಲಿ: ದಿನಾಂಕ, ಆಡಿದವರ ಹೆಸರು, ಗೋಲು ಹೊಡೆದವರ ಹೆಸರು. ನಲವತ್ತು ಪುಟದ ನೋಟು ಪುಸ್ತಕ ಸಾಕು.

ಈಗ ನಿಮ್ಮೊಡನೆ ನೇರವಾಗಿ ಎರಡು ಮಾತು. ನನ್ನಲ್ಲಿ ಓದಿದವರಲ್ಲಿ ಇಂದು ದೈಹಿಕ ಶಿಕ್ಷಕರಾದವರಿದ್ದೀರಿ, ಶಾಲಾಭಿವೃದ್ಧಿ ಸಮಿತಿಯಲ್ಲಿರುವವರಿದ್ದೀರಿ, ನಗರಾಡಳಿತದ ಕಚೇರಿಗಳಲ್ಲಿರುವವರಿದ್ದೀರಿ, ಹೆಣ್ಣುಮಕ್ಕಳ ತಂದೆತಾಯಿಗಳಂತೂ ಬಹಳ ಮಂದಿ ಇದ್ದೀರಿ. ಫಲಕ ಬರೆಸುವುದು ನಿಮ್ಮಲ್ಲಿ ಯಾರ ಕೈಯಲ್ಲಿದೆಯೋ ಅವರು ಬರೆಸಿರಿ. ಮಗಳನ್ನು ಕಳುಹಿಸುವುದು ಯಾರ ಕೈಯಲ್ಲಿದೆಯೋ ಅವರು ಕಳುಹಿಸಿರಿ. ಬಾಲ್ಯದಲ್ಲಿ ಅಣ್ಣತಮ್ಮಂದಿರ ಜೊತೆ ಬಯಲಿನಲ್ಲಿ ಚೆಂಡೊದೆದ ಅಕ್ಕಂದಿರೂ ಅತ್ತಿಗೆಯರೂ ನಮ್ಮ ಬಳಗದಲ್ಲಿ ಇದ್ದೇ ಇರುತ್ತೀರಿ. ಎಲ್ಲಿ, ಯಾವ ವರ್ಷ, ಯಾರ ಜೊತೆ, ಏಕೆ ನಿಲ್ಲಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನನಗೆ ಕಳುಹಿಸಿರಿ. "ಅದರಲ್ಲೇನಿದೆ ಬರೆಯೋಕೆ" ಎನ್ನಬೇಡಿರಿ. ಪ್ರೆಸ್ಟನ್ನಿನ ಮುದುಕಿಯರೂ ಮೊದಲು ಹಾಗೆಯೇ ಅಂದಿರಬೇಕು.

ನಮ್ಮಲ್ಲಿ ಯಾರೂ ನಿಷೇಧದ ನಿರ್ಣಯ ಮಾಡಿಲ್ಲ. ಆದುದರಿಂದ ರದ್ದು ಮಾಡುವಂಥದ್ದೂ ಏನಿಲ್ಲ, ಕ್ಷಮೆ ಕೇಳಬೇಕಾದ ಸಂಸ್ಥೆಯೂ ಇಲ್ಲ. ವಾರಕ್ಕೆ ಎರಡು ಸಂಜೆ ಬಯಲಿನ ನಡುಭಾಗವನ್ನು ಬಿಟ್ಟುಕೊಡುವುದಷ್ಟೇ ಉಳಿದಿರುವ ಕೆಲಸ. ಮುಂದಿನ ಮಳೆಗಾಲದೊಳಗೆ ಅದು ಆದೀತೆಂದು ಆಶಿಸುತ್ತೇನೆ.